ಹಳೇ ಸ್ಕೂಲ್ ಬಸ್ಸನ್ನು ಮನೆ ಮಾಡಿಕೊಳ್ಳುವುದು ಹೇಗೆ: ತುಕ್ಕಿನಿಂದ ಒಗ್ಗರಣೆವರೆಗೆ

ಕೆಲಸ ಶುರು ಮಾಡಿ ಒಂದೂವರೆ ತಿಂಗಳಾಗಿತ್ತು. ಹಾಸನದಲ್ಲಿರುವ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ನಮ್ಮ ಬಸ್ಸಿನ ಒಳಗೆಲ್ಲ ತೋರಿಸಿದೆ. ಸೀಟಿಲ್ಲ, ನೆಲವಿಲ್ಲ, ಒಳಛಾವಣಿಯ ತಗಡೂ ಇಲ್ಲ. "ಮನೆ ಮಾಡ್ಕೋತೀನಿ ಅಂದೆ, ಗುಜರಿ ಅಂಗಡಿ ಇಟ್ಟಿದ್ದೀಯಲ್ಲೋ" ಅಂದರು. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ನಾವಿರುವ ಅಮೆರಿಕದಲ್ಲಿ ಇಂಥ ಬಸ್ಸುಮನೆಗೆ 'ಸ್ಕೂಲಿ' ಅನ್ನುತ್ತಾರೆ. ಫೋಟೋಗಳಲ್ಲಿ ಕಾಣುವುದು ಮರದ ಗೋಡೆ, ಬಿಳಿ ಸಿಂಕು, ಕಿಟಕಿಯಾಚೆ ಬೆಟ್ಟ. ನಮಗೆ ಹಿಡಿದ ಹದಿನಾಲ್ಕು ತಿಂಗಳಲ್ಲಿ ಅಂಥ ಚೆಂದದ ಕೆಲಸಕ್ಕೆ ಹೋಗಿದ್ದು ಕೊನೆಯ ಮೂರೇ ತಿಂಗಳು. ಮಿಕ್ಕಿದ್ದೆಲ್ಲ ತುಕ್ಕು, ಸೋರಿಕೆ, ತಂತಿ, ತೂಕ. ಈ ಬರಹವೂ ಹೆಚ್ಚುಕಡಿಮೆ ಅದೇ ಅಳತೆಯಲ್ಲಿದೆ. ಬಸ್ಸು ಮೊದಲು, ಮನೆ ಆಮೇಲೆ.

ಸ್ಕೂಲ್ ಬಸ್ಸೇ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಅಗ್ಗ ಅನ್ನುವುದು ಒಂದು ಕಾರಣ. ಗಟ್ಟಿತನ ಅದಕ್ಕಿಂತ ದೊಡ್ಡದು. 1977ರಿಂದ ಅಮೆರಿಕದ ಸ್ಕೂಲ್ ಬಸ್ಸಿನ ಛಾವಣಿ ಖಾಲಿ ಬಸ್ಸಿನ ತೂಕದ ಒಂದೂವರೆ ಪಟ್ಟು ಭಾರವನ್ನು ತಡೆಯಬೇಕು ಅನ್ನುವ ಫೆಡರಲ್ ನಿಯಮ ಇದೆ. ಬಸ್ಸು ಮಗುಚಿದರೂ ಮಕ್ಕಳ ಮೇಲೆ ಛಾವಣಿ ಕುಸಿಯಬಾರದು. ತಗಡುಗಳ ಜೋಡಣೆ ಎಷ್ಟು ಬಲವಾಗಿರಬೇಕು ಅಂತಲೂ ಬೇರೆ ನಿಯಮ ಇದೆ. ಆ ಸಾಲುಸಾಲು ರಿವೆಟ್‌ಗಳು ಬಂದದ್ದು ಅದರಿಂದಲೇ. ಕಿತ್ತುಹಾಕುವಾಗ ಅವುಗಳಿಗೆ ಶಾಪ ಹಾಕುತ್ತೀರಿ. ಶಾಪ ಹಾಕುವಾಗ ಇದನ್ನು ನೆನಪಿಸಿಕೊಳ್ಳಿ.

1. ದುಡ್ಡು ಕೊಡುವ ಮುಂಚೆ ಮೂರು ಫೋನ್ ಕರೆ

ಮೊದಲನೆಯದು ವಿಮೆಯವರಿಗೆ. ಮನೆಯಲ್ಲೇ ಮಾಡಿದ ಬಸ್ಸುಮನೆಗೆ ವಿಮೆ ಕೊಡುವ ಕಂಪನಿಗಳು ಕಡಿಮೆ. ಕೆಲವರು ಕೆಲಸ ಮುಗಿದ ಮೇಲಷ್ಟೇ ಕೊಡುತ್ತಾರೆ, ಸೌದೆ ಒಲೆ ಇದ್ದರೆ ಕೆಲವರು ಕೊಡುವುದೇ ಇಲ್ಲ. ನಮ್ಮ ಹಳೇ ಕಾರಿನ ವಿಮೆಯವರು ಮೊದಲು 'ಆಗುತ್ತೆ' ಅಂದು, ಬಸ್ಸು ಕೊಂಡ ಮೇಲೆ 'ಆಗಲ್ಲ' ಅಂದರು. ಹಾಗಾಗಿ ಬಾಯಿಮಾತು ಬೇಡ, ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಎರಡನೆಯದು ನಿಮ್ಮ ರಾಜ್ಯದ ವಾಹನ ನೋಂದಣಿ ಕಚೇರಿಗೆ. ಬಸ್ಸನ್ನು 'ಮೋಟಾರು ಮನೆ' ಅಂತ ನೋಂದಾಯಿಸಲು ಏನೇನು ಬೇಕು ಅಂತ ಕೇಳಿ. ಬಹಳ ರಾಜ್ಯಗಳು ಆರರಲ್ಲಿ ನಾಲ್ಕು ಸೌಕರ್ಯ ಕೇಳುತ್ತವೆ: ಅಡುಗೆ ಒಲೆ, ಫ್ರಿಜ್, ಶೌಚಾಲಯ, ಹೀಟರ್ ಅಥವಾ ಎಸಿ, ಸಿಂಕ್ ಸಮೇತ ನೀರಿನ ವ್ಯವಸ್ಥೆ, ಬೇರೆಯದೇ 110–125 ವೋಲ್ಟ್ ಕರೆಂಟು. ಲೈಸೆನ್ಸ್ ಬಗ್ಗೆಯೂ ಇಲ್ಲೇ ಕೇಳಿ. ಬಸ್ಸಿನ ಗರಿಷ್ಠ ತೂಕ 26,000 ಪೌಂಡ್ ದಾಟಿದರೆ ಕೆಲವು ರಾಜ್ಯಗಳಲ್ಲಿ ಸ್ವಂತ ಬಳಕೆಗೂ ಬೇರೆ ವರ್ಗದ ಲೈಸೆನ್ಸ್ ಬೇಕು.

ಮೂರನೆಯದು, ಕೆಲಸ ಮಾಡಲು ಜಾಗ ಕೊಡುವವರಿಗೆ. ಬಡಾವಣೆಯ ಮನೆ ಮುಂದೆ ನಲವತ್ತಡಿ ಬಸ್ಸು ನಿಲ್ಲಿಸಿದರೆ ಸಂಘದವರ ಪತ್ರ ಒಂದೇ ವಾರಕ್ಕೆ ಬರುತ್ತದೆ. ನಾವು ಊರಾಚೆ ಒಬ್ಬರು ರೈತರ ಕಣಜದ ಪಕ್ಕ ತಿಂಗಳ ಬಾಡಿಗೆಗೆ ಜಾಗ ಹಿಡಿದೆವು. ಕರೆಂಟಿನ ಪ್ಲಗ್ ಇತ್ತು, ರಾತ್ರಿ ಹತ್ತಕ್ಕೆ ಗ್ರೈಂಡರ್ ಹಾಕಿದರೂ ಬೈಯುವವರಿಲ್ಲ.

2. ಬಸ್ಸು ಆರಿಸುವುದು

ಶಾಲಾ ಜಿಲ್ಲೆಗಳು ಸಾಮಾನ್ಯವಾಗಿ ಹನ್ನೆರಡು–ಹದಿನೈದು ವರ್ಷ ಓಡಿಸಿದ ಬಸ್ಸುಗಳನ್ನು ಹರಾಜಿಗೆ ಹಾಕುತ್ತವೆ. ಗವ್‌ಡೀಲ್ಸ್, ಪಬ್ಲಿಕ್ ಸರ್‌ಪ್ಲಸ್ ಥರದ ಸರ್ಕಾರಿ ಹರಾಜು ತಾಣಗಳಲ್ಲಿ ನೋಡಬಹುದು.

ಆಕಾರದಲ್ಲಿ ನಾಲ್ಕು ಬಗೆ. ಎ ಅಂದರೆ ವ್ಯಾನಿನ ಚಾಸಿ, ಅಂದರೆ ತಳದ ಚೌಕಟ್ಟಿನ ಮೇಲೆ ಕೂತ ಗಿಡ್ಡ ಬಸ್ಸು. ಬಿ ಅಪರೂಪ. ಸಿ ಅಂದರೆ ಮುಂದೆ ಮೂಗು ಇರುವ, ಎಲ್ಲರ ಕಣ್ಣಿಗೂ ಪರಿಚಯದ ಬಸ್ಸು. ಡಿ ಅಂದರೆ ಚಪ್ಪಟೆ ಮುಖದ್ದು, ಎಂಜಿನ್ ಮುಂದೆ ಅಥವಾ ಹಿಂದೆ. ಹಿಂದೆ ಎಂಜಿನ್ ಇದ್ದರೆ ಓಡಿಸುವಾಗ ಸದ್ದಿಲ್ಲ, ಆದರೆ ಹಿಂಬಾಗಿಲು ಸಿಗುವುದಿಲ್ಲ. ಮೊದಲ ಸಲ ಮಾಡುವವರಿಗೆ ಸಿ ಸಲೀಸು ಅನ್ನುತ್ತೇನೆ. ಬಾನೆಟ್ ಎತ್ತಿದರೆ ಎಂಜಿನ್ ಕೈಗೆ ಸಿಗುತ್ತದೆ.

ಎಂಜಿನ್ ವಿಷಯದಲ್ಲಿ ಹಳಬರು ಪದೇಪದೇ ಹೇಳುವ ಹೆಸರು ಎರಡು: ಕಮಿನ್ಸ್ 5.9 ಮತ್ತು ಇಂಟರ್‌ನ್ಯಾಷನಲ್ ಡಿಟಿ466. ಎರಡಕ್ಕೂ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಯಾವ ಊರಿನ ಟ್ರಕ್ ಮೆಕ್ಯಾನಿಕ್ಕಿಗೂ ಗೊತ್ತಿರುತ್ತದೆ. 2007ರ ಈಚಿನ ಡೀಸೆಲ್ ಎಂಜಿನ್‌ಗಳಿಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬಂತು. 2010ರ ಸುಮಾರಿಗೆ ಬಹುಪಾಲು ಎಂಜಿನ್‌ಗಳಿಗೆ ಹೊಗೆ ಶುದ್ಧ ಮಾಡಲು ಡೆಫ್ ಅನ್ನುವ ದ್ರವ ತುಂಬುವ ವ್ಯವಸ್ಥೆಯೂ ಸೇರಿತು. ಗಾಳಿಗೆ ಒಳ್ಳೆಯದೇ. ಆದರೆ ವಾರಗಟ್ಟಲೆ ಒಂದೇ ಕಡೆ ನಿಲ್ಲುವ, ಆಗಾಗ ಸ್ವಲ್ಪ ದೂರ ಮಾತ್ರ ಹೋಗುವ ಬಸ್ಸುಮನೆಗೆ ಆ ಫಿಲ್ಟರ್ ತಲೆನೋವು. ಅದಕ್ಕೇ ನಾವು 2003ಕ್ಕಿಂತ ಹಿಂದಿನದನ್ನೇ ಹುಡುಕಿದೆವು.

ಗೇರ್‌ಬಾಕ್ಸಿನ ಮೇಲಿನ ಪುಟ್ಟ ಫಲಕವನ್ನೂ ಓದಿ. ಆಲಿಸನ್ ಎಟಿ545 ಇದ್ದರೆ ಅದಕ್ಕೆ ಲಾಕ್‌ಅಪ್, ಅಂದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ವ್ಯವಸ್ಥೆ ಇಲ್ಲ. ಊರೊಳಗಿನ ಓಡಾಟಕ್ಕೆ ಸಾಕು, ಘಟ್ಟ ಹತ್ತಿದರೆ ಕಾಯುತ್ತದೆ. ರಾಕೀಸ್ ಬೆಟ್ಟ ದಾಟುವ ಆಸೆ ಇದ್ದರೆ ಎಂಟಿ643, ಎಂಡಿ3060 ಅಥವಾ 2000 ಸರಣಿ ಇರುವುದನ್ನು ನೋಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ತುಕ್ಕು. ಎಂಜಿನ್ ಕೆಟ್ಟರೆ ಬದಲಾಯಿಸಬಹುದು. ಚಾಸಿ ತಿಂದುಹೋಗಿದ್ದರೆ ನೀವು ಮನೆ ಕಟ್ಟುವುದು ಒದ್ದೆ ಹಪ್ಪಳದ ಮೇಲೆ. ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಒಹಾಯೋದಲ್ಲಿ ನಾವು ನೋಡಿದ ಮೊದಲ ಬಸ್ಸು ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ತಿವಿದೆ, ತುದಿ ಆಚೆ ಬಂತು! ಕೊನೆಗೆ ನ್ಯೂ ಮೆಕ್ಸಿಕೋದಿಂದ ತಂದೆವು. ಎರಡು ದಿನಕ್ಕೂ ಜಾಸ್ತಿ ಡ್ರೈವ್ ಆಯಿತು, ಡೀಸೆಲ್ ಖರ್ಚಾಯಿತು, ಗ್ಯಾಲನ್‌ಗೆ ಸಿಕ್ಕಿದ್ದು ಒಂಬತ್ತು ಮೈಲಿ. ಆದರೂ ಉಳಿತಾಯವೇ. ನೀವು ನೋಡಲು ಹೋದಾಗ ಒಂದು ಸುತ್ತಿಗೆ, ಒಂದು ಟಾರ್ಚು, ಹಾಸಿಕೊಳ್ಳಲು ರಟ್ಟು ತೆಗೆದುಕೊಂಡು ಹೋಗಿ. ಚಕ್ರದ ಗೂಡು, ಮೆಟ್ಟಿಲಿನ ಬುಡ, ಬ್ಯಾಟರಿ ಡಬ್ಬದ ಸುತ್ತ, ಡೀಸೆಲ್ ಟ್ಯಾಂಕಿನ ಪಟ್ಟಿ ಇವಿಷ್ಟನ್ನು ತಟ್ಟಿ ನೋಡಿ. ಮೇಲಿನ ಕಂದು ಪುಡಿಗೆ ಹೆದರಬೇಡಿ. ಪದರಪದರವಾಗಿ ಎದ್ದಿದ್ದರೆ ಮಾತ್ರ ವಾಪಸ್ ಬನ್ನಿ.

ಟೈರುಗಳನ್ನು ಮರೆಯಬೇಡಿ. ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2312 ಅಂದರೆ 2012ರ 23ನೇ ವಾರ. ಆರು ಟೈರು ಹೊಸದಾಗಿ ಹಾಕಿಸಿದರೆ ಬಸ್ಸಿನ ಅರ್ಧ ಬೆಲೆ ಅಲ್ಲೇ ಹೋಗುತ್ತದೆ.

3. ಕಿತ್ತುಹಾಕುವುದು

ಮನೆಗೆ ತಂದ ಮೇಲೆ ಮೊದಲು ಕ್ಯಾಮೆರಾ ಹಿಡಿಯಿರಿ. ಪ್ರತಿ ತಂತಿ, ಪ್ರತಿ ಕನೆಕ್ಟರಿನ ಫೋಟೋ ತೆಗೆದು ಚೀಟಿ ಅಂಟಿಸಿ. ನಾವು ಸುಮ್ನೆ ಹಿಂಬಾಗಿಲ ಹತ್ತಿರ ಒಂದು ತಂತಿ ಕತ್ತರಿಸಿದೆವು. ಮಾರನೇ ದಿನ ಬಸ್ಸು ಸ್ಟಾರ್ಟ್ ಆಗಲೇ ಇಲ್ಲ. ಎರಡು ದಿನ ಪರದಾಡಿದ ಮೇಲೆ ಗೊತ್ತಾಯಿತು: ತುರ್ತು ಬಾಗಿಲಿಗೆ ಬೀಗ ಬಿದ್ದಿದ್ದರೆ ಎಂಜಿನ್ ಏಳಬಾರದು ಅಂತ ಬಹಳ ಬಸ್ಸುಗಳಲ್ಲಿ ಒಂದು ಸ್ವಿಚ್ ಇರುತ್ತದೆ. ಮಕ್ಕಳು ಒಳಗೆ ಸಿಕ್ಕಿಕೊಳ್ಳಬಾರದಲ್ವಾ.

ಸೀಟು ಬಿಚ್ಚುವುದು ಇಬ್ಬರ ಕೆಲಸ. ಒಬ್ಬರು ಒಳಗೆ ಬೋಲ್ಟ್ ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಟ್ಟು ಹಿಡಿಯಬೇಕು. ನಮ್ಮದರಲ್ಲಿ ಇಪ್ಪತ್ತನಾಲ್ಕು ಸೀಟು, ಒಂದೊಂದಕ್ಕೆ ನಾಲ್ಕು ಬೋಲ್ಟು. ಹತ್ತು ಸೀಟಿನ ಹೊತ್ತಿಗೆ ತಾಳ್ಮೆ ಮುಗಿದು ಆಂಗಲ್ ಗ್ರೈಂಡರಿನಿಂದ ತಲೆ ಕತ್ತರಿಸಿದೆವು. ಕನ್ನಡಕ, ಕಿವಿಗೆ ಮುಚ್ಚಳ, ಒಳ್ಳೆಯ ಮಾಸ್ಕ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ನೆಲದ ತಗಡಿಗೆ ಸತುವಿನ ಲೇಪ ಇರುತ್ತದೆ. ಅದನ್ನು ಸುಡುವಾಗ, ವೆಲ್ಡ್ ಮಾಡುವಾಗ ಬರುವ ಹೊಗೆ ಕುಡಿದರೆ ಆ ರಾತ್ರಿ ಚಳಿಜ್ವರ ಖಂಡಿತ.

ಸೀಟಿನ ಕೆಳಗೆ ಹೀಟರ್‌ಗಳಿರುತ್ತವೆ. ಅವುಗಳಿಗೆ ಎಂಜಿನ್ನಿನ ಕೂಲೆಂಟ್ ಹರಿಯುತ್ತದೆ. ಪೈಪು ಕತ್ತರಿಸುವ ಮುಂಚೆ ಬಕೆಟ್ ಇಡಿ. ಆ ಹಸಿರು ನೀರು ಸಿಹಿಯಾಗಿರುತ್ತದೆ, ನೆಕ್ಕಿದ ನಾಯಿ ಬದುಕುವುದು ಕಷ್ಟ.

ಆಮೇಲೆ ಒಳಛಾವಣಿಯ ತಗಡು. ರಿವೆಟ್ ಇದ್ದರೆ ಗಾಳಿಯಲ್ಲಿ ನಡೆಯುವ ಸುತ್ತಿಗೆಗೆ ಉಳಿ ಹಾಕಿ ತಲೆ ಹಾರಿಸಬೇಕು. ಕಿತ್ತ ಮೇಲೆ ಒಳಗಿನಿಂದ ಫೈಬರ್ ಗ್ಲಾಸ್ ಹತ್ತಿ ಉದುರುತ್ತದೆ. ಉದ್ದ ತೋಳಿನ ಅಂಗಿ ಹಾಕಿ, ಬಿಸಿನೀರಲ್ಲಿ ಅಲ್ಲ, ತಣ್ಣೀರಲ್ಲಿ ಸ್ನಾನ ಮಾಡಿ. ತಗಡು ಕೀಳದೆ ಹಾಗೇ ಬಿಡಬಹುದಾ? ಬಿಡುವವರಿದ್ದಾರೆ. ನಮ್ಮ ಹತ್ತಿ ಅರ್ಧಕ್ಕೆ ಅರ್ಧ ಒದ್ದೆಯಾಗಿ ಕಪ್ಪಗೆ ಬೂಸ್ಟು ಹಿಡಿದಿತ್ತು. ಅದರ ಕೆಳಗೆ ಮಲಗಲು ನನಗಂತೂ ಮನಸ್ಸಾಗಲಿಲ್ಲ.

4. ನೆಲ, ಕಿಟಕಿ, ಛಾವಣಿ: ನೀರು ಎಲ್ಲಿಂದ ಬರುತ್ತದೆ

ರಬ್ಬರ್ ಹಾಸು ಕಿತ್ತರೆ ಪ್ಲೈವುಡ್. ಪ್ಲೈವುಡ್ ಎತ್ತಿದರೆ ತಗಡು. ನೂರಾರು ಮಕ್ಕಳ ಶೂಗಳಿಂದ ಇಳಿದ ಮಳೆನೀರು, ಹಿಮ, ಚೆಲ್ಲಿದ ಜ್ಯೂಸು ಎಲ್ಲವೂ ಆ ಪ್ಲೈವುಡ್ಡಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಹೊರಗೆ ಒಳ್ಳೆಯ ಬಸ್ಸಾದರೂ ಪ್ಲೈವುಡ್ ಎತ್ತಲೇಬೇಕು.

ತಗಡನ್ನು ವೈರ್ ಬ್ರಷ್ ಹಾಕಿ ಉಜ್ಜಿ. ತುಕ್ಕಿನ ಮೇಲೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ ಒಂದು ದಿನ ಬಿಡಿ, ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಬೋಲ್ಟಿನ ತೂತುಗಳನ್ನು ಒಂದು ಸೆಂಟಿನ ನಾಣ್ಯ ಅಂಟಿಸಿ ಮುಚ್ಚುವುದು ಇಲ್ಲಿನವರ ಹಳೇ ಚಾಳಿ. ನೋಡಲು ಮಜಾ. ಆದರೆ ನಾಣ್ಯದ ಮೇಲ್ಪದರ ತಾಮ್ರ. ತಾಮ್ರ ಮತ್ತು ಉಕ್ಕು ಒದ್ದೆಯಲ್ಲಿ ತಾಗಿದರೆ ಉಕ್ಕಿಗೇ ಪೆಟ್ಟು. ನಾವು ಸಣ್ಣ ಉಕ್ಕಿನ ಬಿಲ್ಲೆ ಕತ್ತರಿಸಿ ಅಂಟಿಸಿದೆವು, ದೊಡ್ಡ ತೂತಿಗೆ ತಗಡು ವೆಲ್ಡ್ ಮಾಡಿಸಿದೆವು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಮತ್ತು ಎಂಜಿನ್ ಕಂಪ್ಯೂಟರಿನ ಸಂಪರ್ಕ ತೆಗೆಯುವುದನ್ನು ಮರೆಯಬೇಡಿ. ಕೊನೆಗೆ ತುಕ್ಕು ತಡೆಯುವ ಪೇಂಟು ಎರಡು ಕೋಟು, ಮೇಲೂ ಕೆಳಗೂ.

ಇನ್ನು ಕಿಟಕಿ. ಎಲ್ಲ ಸ್ಕೂಲ್ ಬಸ್ಸಿನ ಕಿಟಕಿಯೂ ಸೋರುತ್ತದೆ, ಇವತ್ತಲ್ಲದಿದ್ದರೆ ನಾಳೆ. ಹೊರಗಿನಿಂದ ಸಿಲಿಕೋನ್ ಬಳಿದು ಕೈ ತೊಳೆದುಕೊಳ್ಳಬೇಡಿ. ಒಂದೊಂದನ್ನೂ ಚೌಕಟ್ಟಿನ ಸಮೇತ ಬಿಚ್ಚಿ, ಹಳೇ ಅಂಟು ಕೆರೆದು, ಬ್ಯುಟೈಲ್ ಅನ್ನುವ ರಬ್ಬರಿನಂಥ ಅಂಟು ಟೇಪ್ ಹಾಕಿ ಕೂರಿಸಬೇಕು. ಬೇಡದ ಕಿಟಕಿಗಳ ಜಾಗಕ್ಕೆ ತಗಡು ಹೊಡೆಯಿರಿ. ನಾವು ಇಪ್ಪತ್ತೆರಡರಲ್ಲಿ ಹತ್ತನ್ನು ಮುಚ್ಚಿದೆವು. ಗಾಜು ಜಾಸ್ತಿ ಇದ್ದಷ್ಟೂ ಬೇಸಿಗೆಯಲ್ಲಿ ಕುದಿಯುತ್ತದೆ, ಚಳಿಗಾಲದಲ್ಲಿ ನಡುಗಿಸುತ್ತದೆ, ಗೋಡೆಗೆ ಕಪಾಟು ಹಾಕಲೂ ಆಗುವುದಿಲ್ಲ.

ಛಾವಣಿಯ ಸಂದುಗಳಿಗೆ ಸೀಲರ್ ಹಾಕಿದ ಮೇಲೆ ಪೈಪ್ ಹಿಡಿದು ಅರ್ಧ ಗಂಟೆ ನೀರು ಬಿಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಒಂದು ಹನಿ ಕಂಡರೂ ಮುಂದಿನ ಹಂತಕ್ಕೆ ಹೋಗಬೇಡಿ. ನಾವು ಈ ಪರೀಕ್ಷೆಯನ್ನು ಐದು ಸಲ ಮಾಡಿದೆವು, ನಾಲ್ಕು ಸಲ ಫೇಲ್.

5. ಶಾಖ ತಡೆಯುವುದು

ಬಸ್ಸಿನ ಒಳಗಿನ ಎತ್ತರ ಸಾಮಾನ್ಯವಾಗಿ 72ರಿಂದ 78 ಇಂಚು. ನೆಲಕ್ಕೂ ಛಾವಣಿಗೂ ಶಾಖನಿರೋಧಕ ಹಾಕಿದರೆ ಮೂರು–ನಾಲ್ಕು ಇಂಚು ಹೋಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ಎತ್ತರಕ್ಕೆ ಈ ಲೆಕ್ಕ ಹಾಕಿ. ಛಾವಣಿ ಹೊತ್ತಿರುವ ಉಕ್ಕಿನ ಕಮಾನುಗಳನ್ನು, ಅಂದರೆ ಬಸ್ಸಿನ ಪಕ್ಕೆಲುಬುಗಳನ್ನು ಕತ್ತರಿಸಿ ಛಾವಣಿ ಎತ್ತಿಸುವವರಿದ್ದಾರೆ. ಮೇಲೆ ಹೇಳಿದ ಗಟ್ಟಿತನ ನಿಂತಿರುವುದು ಆ ಪಕ್ಕೆಲುಬುಗಳ ಮೇಲೆಯೇ. ಪಳಗಿದ ವೆಲ್ಡರ್ ಇಲ್ಲದೆ ಅದಕ್ಕೆ ಕೈ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನೆಲಕ್ಕೆ ಗಟ್ಟಿ ಫೋಮ್ ಹಲಗೆ ಸಾಕು. ಗೋಡೆಗೂ ಛಾವಣಿಗೂ ಸಿಂಪಡಿಸುವ ಫೋಮ್ ದುಬಾರಿ, ಆದರೆ ತಗಡಿಗೆ ಅಂಟಿಕೊಂಡು ಕೂರುತ್ತದೆ. ಗಾಳಿ ಹೋಗದಿದ್ದರೆ ತಗಡಿನ ಹಿಂದೆ ಬೆವರೂ ಕಟ್ಟುವುದಿಲ್ಲ. ಪಕ್ಕೆಲುಬುಗಳ ಮುಖಕ್ಕೂ ಒಂದು ಪದರ ಹಾಕಿ. ಉಕ್ಕು ಚಳಿಯನ್ನು ನೇರವಾಗಿ ಒಳಗೆ ಎಳೆದು ತರುತ್ತದೆ.

6. ಟೇಪಿನ ಮನೆ, ತೂಕದ ಲೆಕ್ಕ

ಈಗ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ ಮನೆ ಬರೆಯಿರಿ. ಇಲ್ಲಿ ಒಲೆ, ಇಲ್ಲಿ ಹಾಸಿಗೆ. ಒಳ ಅಗಲ ಏಳೂವರೆ ಅಡಿ ಅಷ್ಟೆ. ಒಂದು ವಾರ ಆ ಟೇಪಿನ ಮನೆಯಲ್ಲಿ ಓಡಾಡಿ. ಒಬ್ಬರು ದೋಸೆ ಹುಯ್ಯುವಾಗ ಇನ್ನೊಬ್ಬರು ಬಚ್ಚಲಿಗೆ ಹೇಗೆ ಹೋಗುತ್ತಾರೆ ಅಂತ ನಿಜವಾಗಿಯೂ ನಡೆದು ನೋಡಿ. ನಮ್ಮ ಮೊದಲ ನಕ್ಷೆ ಇಲ್ಲೇ ಬಿದ್ದುಹೋಯಿತು. ಹಿಂಬದಿಯ ತುರ್ತು ಬಾಗಿಲಿಗೆ ಅಡ್ಡ ಏನೂ ಇಡಬೇಡಿ. ಬೆಂಕಿ ಬಿದ್ದರೆ ಅಡುಗೆಮನೆ ದಾಟದೆ ಹೊರಗೆ ಹೋಗುವ ದಾರಿ ಇರಲೇಬೇಕು.

ತೂಕ ಎಡಕ್ಕೂ ಬಲಕ್ಕೂ ಸಮನಾಗಿ ಹಂಚಬೇಕು. ನೂರು ಗ್ಯಾಲನ್ ನೀರು ಅಂದರೆ ಸುಮಾರು 380 ಕಿಲೋ. ಅದನ್ನು ಮುಂದಿನ, ಹಿಂದಿನ ಚಕ್ರಗಳ ಅಚ್ಚುಗಳ ನಡುವೆ, ಆದಷ್ಟು ಕೆಳಗೆ ಇಡಿ. ನೀರು ಒಂದು ಕಡೆಗಿದ್ದರೆ ಬ್ಯಾಟರಿ ಇನ್ನೊಂದು ಕಡೆ. ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇರುತ್ತದೆ. ಖಾಲಿ ಬಸ್ಸನ್ನೊಮ್ಮೆ, ಅರ್ಧ ಕೆಲಸ ಆದಾಗೊಮ್ಮೆ, ಮುಗಿದ ಮೇಲೊಮ್ಮೆ ತೂಗಿಸಿ. ಡ್ರೈವರ್ ಸೀಟಿನ ಹತ್ತಿರದ ಫಲಕದಲ್ಲಿರುವ ಗರಿಷ್ಠ ತೂಕ ದಾಟಬಾರದು. ಬೀರುಗಳನ್ನು ಪಕ್ಕೆಲುಬಿಗೆ ಬೋಲ್ಟ್ ಹಾಕಿ ಬಿಗಿಯಿರಿ. ಪ್ರಯಾಣದಲ್ಲಿ ಕೂರುವ ಪ್ರತಿಯೊಬ್ಬರಿಗೂ ಬೆಲ್ಟ್ ಇರುವ, ಚಾಸಿಗೆ ಬಿಗಿದ ಸೀಟು ಬೇಕು. ಸೋಫಾ ಸೀಟಲ್ಲ.

7. ಕರೆಂಟು

ಎಷ್ಟು ಸೋಲಾರ್ ಹಾಕಲಿ ಅನ್ನುವುದು ತಪ್ಪು ಪ್ರಶ್ನೆ. ದಿನಕ್ಕೆ ಎಷ್ಟು ಬಳಸುತ್ತೀರಿ ಅನ್ನುವುದರಿಂದ ಶುರು ಮಾಡಿ. ನಮ್ಮ ಲೆಕ್ಕ ಹೀಗಿತ್ತು: ಫ್ರಿಜ್ ದಿನಕ್ಕೆ ಮುಕ್ಕಾಲು ಯೂನಿಟ್. ಲ್ಯಾಪ್‌ಟಾಪ್, ದೀಪ, ಫ್ಯಾನ್ ಸೇರಿ ಇನ್ನೊಂದು ಮುಕ್ಕಾಲು. 1500 ವಾಟ್‌ನ ಇಂಡಕ್ಷನ್ ನಲವತ್ತು ನಿಮಿಷಕ್ಕೆ ಒಂದು ಯೂನಿಟ್. 750 ವಾಟ್‌ನ ಮಿಕ್ಸಿ ಹೆದರಿಸುತ್ತದೆ, ಆದರೆ ಐದು ನಿಮಿಷಕ್ಕೆ ತಿನ್ನುವುದು 0.06 ಯೂನಿಟ್ ಮಾತ್ರ. ಒಟ್ಟು ಎರಡೂವರೆ ಚಿಲ್ಲರೆ.

12 ವೋಲ್ಟ್, 100 ಆಂಪ್‌ಅವರ್‌ನ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1.28 ಯೂನಿಟ್ ಇರುತ್ತದೆ. ನಾಲ್ಕು ಹಾಕಿದರೆ ಮೋಡದ ದಿನವೂ ಒಂದೂವರೆ ದಿನ ನೂಕಬಹುದು. ಛಾವಣಿಗೆ 800 ವಾಟ್ ಪ್ಯಾನಲ್, ಜೊತೆಗೆ ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ಚಾರ್ಜ್ ಮಾಡುವ ಡಿಸಿ ಚಾರ್ಜರ್.

3000 ವಾಟ್ ಇನ್ವರ್ಟರ್ 12 ವೋಲ್ಟ್‌ನಲ್ಲಿ 250 ಆಂಪ್ ಎಳೆಯುತ್ತದೆ. 24 ವೋಲ್ಟ್‌ನಲ್ಲಿ ಅದರ ಅರ್ಧ. ಅಡುಗೆಗೆ ಕರೆಂಟ್ ನಂಬುವವರು 24ಕ್ಕೇ ಹೋಗಿ, ತಂತಿ ತೆಳ್ಳಗಾಗುತ್ತದೆ, ಬಿಸಿ ಕಡಿಮೆ. ಬ್ಯಾಟರಿಯ ಪಕ್ಕದಲ್ಲೇ ಸರಿಯಾದ ಫ್ಯೂಸ್ ಹಾಕಿ. ಮನೆಗೆ ಬಳಸುವ ಒಂಟಿ ಗಟ್ಟಿ ತಂತಿ ಬೇಡ, ಅಲುಗಾಟಕ್ಕೆ ತುಂಡಾಗುತ್ತದೆ. ಎಳೆಎಳೆಯ ತಂತಿ ಹಾಕಿ. ತಗಡು ದಾಟುವ ಕಡೆ ರಬ್ಬರ್ ಬಳೆ ತೊಡಿಸಿ. ಇದೊಂದು ಕೆಲಸಕ್ಕೆ ನಾವು ಎಲೆಕ್ಟ್ರಿಷಿಯನ್ ಒಬ್ಬರಿಗೆ ದುಡ್ಡು ಕೊಟ್ಟು ತಪಾಸಣೆ ಮಾಡಿಸಿದೆವು. ಊರಿನಿಂದ ಮಿಕ್ಸಿ ತರುವವರು ಗಮನಿಸಿ: ಅದು 230 ವೋಲ್ಟಿನದು. ಇಲ್ಲಿನ 110ರದ್ದನ್ನೇ ಕೊಳ್ಳುವುದು ವಾಸಿ.

8. ನೀರು, ಗ್ಯಾಸು, ಒಗ್ಗರಣೆ

ನೀರಿನದು ಸರಳ. ಟ್ಯಾಂಕು, 12 ವೋಲ್ಟ್ ಪಂಪು, ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪು, ಪಾತ್ರೆ ತೊಳೆದ ನೀರಿಗೆ ಬೇರೆ ಟ್ಯಾಂಕು. ಪೈಪುಗಳೆಲ್ಲ ಬಸ್ಸಿನ ಒಳಗೇ ಇರಲಿ, ಹೊರಗಿದ್ದರೆ ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತವೆ. ಶೌಚಕ್ಕೆ ನಾವು ಕಾಂಪೋಸ್ಟ್ ಬಗೆಯದನ್ನು ಇಟ್ಟೆವು. ಮೂತ್ರ ಬೇರೆ, ಮಲ ಬೇರೆ ಮಾಡಿದರೆ ವಾಸನೆ ಇಲ್ಲ. ಆದರೆ ನಾವು ನೀರು ಬಳಸುವವರು. ಹ್ಯಾಂಡ್ ಶವರ್‌ನ ನೀರು ಗಟ್ಟಿ ಭಾಗಕ್ಕೆ ಬೀಳದೆ ಮುಂದಿನ ಮೂತ್ರದ ಬಾಟಲಿಗೆ ಹೋಗುವಂತೆ ಅಭ್ಯಾಸ ಮಾಡಿಕೊಳ್ಳಬೇಕು. ಬಾಟಲಿ ಬೇಗ ತುಂಬುತ್ತದೆ, ಅಷ್ಟೆ.

ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿಕೊಳ್ಳುತ್ತದೆ. ಅದಕ್ಕೆ ಸಿಲಿಂಡರ್ ಹೊರಗೆ ಅಥವಾ ಕೆಳಗೆ ತೂತಿರುವ, ಒಳಗಿನ ಗಾಳಿಗೆ ಸಂಬಂಧವಿಲ್ಲದ ಪೆಟ್ಟಿಗೆಯಲ್ಲಿರಬೇಕು. ಗ್ಯಾಸ್ ಅಲಾರಂ ನೆಲದ ಹತ್ತಿರ, ಹೊಗೆ ಅಲಾರಂ ಮೇಲೆ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಕಡೆ. ಮೂರೂ ಬೇಕೇ ಬೇಕು. ಕೈಗೆಟುಕುವಂತೆ ಬೆಂಕಿ ಆರಿಸುವ ಸಿಲಿಂಡರ್ ಎರಡು, ಒಂದು ಬಾಗಿಲಲ್ಲಿ, ಒಂದು ಹಾಸಿಗೆ ಪಕ್ಕ.

ಇಲ್ಲಿನ ಬಸ್ಸುಮನೆಯವರ ನಕ್ಷೆಗಳಲ್ಲಿ ಛಾವಣಿಯ ಫ್ಯಾನ್ ಹಾಸಿಗೆಯ ಮೇಲಿರುತ್ತದೆ. ಅವರು ಸಾಸಿವೆ ಸಿಡಿಸುವುದಿಲ್ಲ. ಕುಕ್ಕರ್ ಮೂರು ಸೀಟಿ ಕೂಗಿದರೆ ಇಷ್ಟು ಸಣ್ಣ ಜಾಗದಲ್ಲಿ ಕಿಟಕಿಯೆಲ್ಲ ಬೆವರುತ್ತದೆ. ಒಣಮೆಣಸಿನಕಾಯಿಯ ಘಾಟು ಹಾಸಿಗೆಗೆ ಹತ್ತಿದರೆ ವಾರ ಬಿಡುವುದಿಲ್ಲ. ಒಂದು ಫ್ಯಾನ್ ಒಲೆಯ ನೆತ್ತಿಗೇ ಹಾಕಿ, ಹೊರಕ್ಕೆ ಎಳೆಯಲಿ. ಇನ್ನೊಂದು ಹಿಂದೆ, ಒಳಕ್ಕೆ ಗಾಳಿ ತರಲಿ.

9. ಬಣ್ಣ, ಕಾಗದ, ರಸ್ತೆ

ಸ್ಕೂಲ್ ಬಸ್ಸಿನ ಆ ಹಳದಿ 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಫ್ರಾಂಕ್ ಸೈರ್ ನಡೆಸಿದ ಸಭೆಯಲ್ಲಿ ಗೊತ್ತಾದದ್ದು. ಮಬ್ಬುಗತ್ತಲಲ್ಲೂ ಕಾಣುತ್ತದೆ, ಮೇಲಿನ ಕಪ್ಪು ಅಕ್ಷರವೂ ಎದ್ದು ಕಾಣುತ್ತದೆ ಅಂತ. ಬಹಳ ರಾಜ್ಯಗಳಲ್ಲಿ ಖಾಸಗಿ ಬಸ್ಸಿಗೆ ಆ ಬಣ್ಣ ಇರಬಾರದು. 'ಸ್ಟಾಪ್' ತೋಳು, ಮಿನುಗುವ ದೀಪ, ಶಾಲೆಯ ಹೆಸರು ಇವನ್ನೂ ತೆಗೆಯಬೇಕು. ತಿಳಿ ಬಣ್ಣ ಹೊಡೆಸಿ, ಛಾವಣಿಗಂತೂ ಬಿಳಿಯೇ ಇರಲಿ.

ರಸೀದಿಗಳನ್ನೆಲ್ಲ ಎತ್ತಿಡಿ, ಒಳಗಿನ ಫೋಟೋ ತೆಗೆದು ನೋಂದಣಿ ಬದಲಿಸಿ. ನಿಲ್ಲಲು ಜಾಗದ ಮಾತು ಬಂದರೆ, ಖಾಸಗಿ ಕ್ಯಾಂಪ್ ಜಾಗಗಳಲ್ಲಿ ಹತ್ತು ವರ್ಷಕ್ಕಿಂತ ಹಳೇ ವಾಹನ ಬೇಡ ಅನ್ನುವವರು ಸಿಗುತ್ತಾರೆ. ಪಶ್ಚಿಮದ ರಾಜ್ಯಗಳಲ್ಲಿ ಫೆಡರಲ್ ಭೂ ನಿರ್ವಹಣಾ ಬ್ಯೂರೋದ ಬಯಲುಗಳಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಪುಕ್ಕಟೆ ಇರಬಹುದು.

ಊರಿನ ಗೆಳೆಯರು 'ನಮ್ಮಲ್ಲೂ ಮಾಡಬಹುದಾ' ಅಂತ ಕೇಳುತ್ತಾರೆ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ನೋಂದಣಿಯಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. ಕ್ಯಾರವಾನ್‌ಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡ ಇದೆ. ಓಡಿಸಲು ಬೇಕಿದ್ದರೆ ಮೊದಲು ಆರ್‌ಟಿಒ ಹತ್ತಿರ ಮಾತಾಡಿ. ನೋಂದಣಿ ರದ್ದು ಮಾಡಿಸಿ ತೋಟದಲ್ಲಿ ನಿಲ್ಲಿಸಿಕೊಳ್ಳುವ ಬಸ್ಸಿನ ಕಥೆ ಬೇರೆ. ಆಗ ಈ ಬರಹದ ಎಂಜಿನ್, ಟೈರು ಬಿಟ್ಟು ಮಿಕ್ಕಿದ್ದೆಲ್ಲ ನಿಮಗೂ ಸಲ್ಲುತ್ತದೆ. ನಮ್ಮ ಮಳೆಗಾಲಕ್ಕೆ ನಾಲ್ಕನೇ ಹಂತವನ್ನು ಎರಡು ಸಲ ಓದಿ.

ಕೆಲಸ ಮುಗಿದ ಮೇಲೆ ಮೊದಲ ಪ್ರಯಾಣ ದೂರದ್ದು ಬೇಡ. ಐವತ್ತು ಮೈಲಿ ಹೋಗಿ ನಿಲ್ಲಿಸಿ. ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಯಿರಿ. ಪೈಪಿನ ಪ್ರತಿ ಜೋಡಣೆಯನ್ನು ಕೈಯಿಂದ ಮುಟ್ಟಿ ನೋಡಿ, ಒದ್ದೆ ಇದೆಯಾ ಅಂತ. ಗ್ಯಾಸಿನ ಜೋಡಣೆಗೆ ಸೋಪು ನೀರು ಹಚ್ಚಿ. ಕಪಾಟಿನ ಬಾಗಿಲುಗಳಿಗೆ ಆಯಸ್ಕಾಂತ ಸಾಲದು, ಒತ್ತಿ ತೆಗೆಯುವ ಚಿಲಕ ಬೇಕು. ನಾವು ಆಯಸ್ಕಾಂತ ಹಾಕಿದ್ದೆವು. ಮೊದಲ ತಿರುವಿನಲ್ಲೇ ಮಸಾಲೆ ಡಬ್ಬಿ ಹಾರಿ ಸಾಸಿವೆ ಚೆಲ್ಲಾಡಿತು. ಎರಡು ವರ್ಷವಾಯಿತು, ಗುಡಿಸಿದಾಗಲೆಲ್ಲ ನೆಲದ ಸಂದಿನಿಂದ ಇನ್ನೂ ನಾಲ್ಕು ಕಾಳು ಸಿಗುತ್ತಲೇ ಇವೆ.